ಮನಸ್ಸನ್ನು ಅಳೆಯುವ ಮುನ್ನ

ಶಾಲೆಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಹೇಳದೆ ಸುಮ್ಮನೆ ನಿಂತ ಮಗುವನ್ನು ದಡ್ಡನೆಂದು ಕರೆಯುವುದು ಬಹಳ ಸುಲಭ. ಒಮ್ಮೆ ಅಂಟಿದ ಆ ಹೆಸರು ವರ್ಷಗಟ್ಟಲೆ ಮಗುವಿನ ಬೆನ್ನು ಬಿಡದು. ಆದರೆ ಉತ್ತರ ಬಾರದಿರಲು ಬುದ್ಧಿಯ ಕೊರತೆಯೇ ಕಾರಣವೆಂದು ತಿಳಿದದ್ದು ಹೇಗೆ? ಅಂಜಿಕೆಯಿರಬಹುದು, ಹಸಿವಿರಬಹುದು, ಆಷಾಢದ ಮಳೆ ಹೆಂಚಿನ ಮೇಲೆ ಸುರಿಯುವಾಗ ಪ್ರಶ್ನೆಯೇ ಕೇಳಿಸದಿರಬಹುದು. ಹೀಗೆ ಹೆಣೆದುಕೊಂಡ ಕಾರಣಗಳನ್ನು ಒಂದೊಂದಾಗಿ ಬಿಡಿಸಿ ನೋಡುವ ವಿಧಾನವೇ ಪ್ರಯೋಗ. ಮನಶ್ಶಾಸ್ತ್ರವು ಇದನ್ನು ಕಲಿತ ಚರಿತ್ರೆಯಲ್ಲಿ ಕನ್ನಡ ನಾಡಿಗೂ ಪಾಲುಂಟು.

1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ ಮನಶ್ಶಾಸ್ತ್ರದ ಪ್ರಯೋಗಶಾಲೆಯನ್ನು ತೆರೆದನು. ನಮ್ಮ ದೇಶದಲ್ಲಿ ಕಲಕತ್ತೆಯ ಬಳಿಕ, 1924ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಈ ಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗವಾಯಿತು. ಅದನ್ನು ಕಟ್ಟಿ ಬೆಳೆಸಿದವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಕಲಿತು ಬಂದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ. ಬಾನುಲಿ ಕೇಳುವ ನಿಮಗೆ ಈ ಹೆಸರು ಹೊಸದಾಗಿರಲಾರದು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ 'ಆಕಾಶವಾಣಿ'ಯನ್ನು ಪ್ರಸಾರ ಮಾಡಿದವರೂ ಅವರೇ.

ಅತ್ತ ಪ್ಯಾರಿಸಿನಲ್ಲಿ ಬಿನೆ ಮತ್ತು ಸಿಮೋನ್ 1905ರಲ್ಲಿ ಮಕ್ಕಳ ಬುದ್ಧಿಯನ್ನು ಅಳೆಯುವ ಪ್ರಶ್ನೆಗಳನ್ನು ರಚಿಸಿದ್ದರು. ಅವನ್ನು ಕನ್ನಡಕ್ಕೆ ತಿರುಗಿಸಿದರೆ ಸಾಕೆ? ಸಾಲದು. ಒಂದು ದೇಶದ ಎಂಟು ವರ್ಷದ ಮಗುವಿಗೆ ಸುಲಭವಾದದ್ದು ಇನ್ನೊಂದು ದೇಶದ ಅದೇ ವಯಸ್ಸಿನ ಮಗುವಿಗೆ ಕಷ್ಟವಾಗಬಹುದು. ಆದ್ದರಿಂದ ವಿ. ವಿ. ಕಾಮತರು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳನ್ನೇ ಪರೀಕ್ಷಿಸಿ, ಪ್ರಶ್ನೆಗಳನ್ನು ಅವರಿಗೆ ತಕ್ಕಂತೆ ಪರಿಷ್ಕರಿಸಿ 1934ರಲ್ಲಿ ಪ್ರಕಟಿಸಿದರು. 1940ರಲ್ಲಿ ಅದರ ಗ್ರಂಥವೂ ಹೊರಬಂದಿತು.

ಇದರ ಬೆಲೆ ಕರಾವಳಿಯವರಾದ ನಿಮಗೆ ಚೆನ್ನಾಗಿ ತಿಳಿಯುತ್ತದೆ. ಭಟ್ಕಳದಲ್ಲಿ ಮನೆಯೊಳಗೆ ನವಾಯತಿ ಆಡುವ ಮಗುವಿದೆ. ಕುಮಟೆಯಲ್ಲಿ ಕೊಂಕಣಿ ಆಡುವ ಮಗುವಿದೆ. ಹೊನ್ನಾವರದಲ್ಲಿ ಹವ್ಯಕ ಕನ್ನಡ ಆಡುವ ಮಗುವಿದೆ. ಮೂವರಿಗೂ ಪುಸ್ತಕದ ಕನ್ನಡದಲ್ಲಿ ಒಂದೇ ಪ್ರಶ್ನೆ ಹಾಕಿದರೆ, ಅಳೆದದ್ದು ಬುದ್ಧಿಯನ್ನೋ ಭಾಷೆಯನ್ನೋ ಹೇಳಬರುವಂತಿಲ್ಲ.

ಈಗ ನೀವೇ ಒಂದು ಪ್ರಯೋಗವನ್ನು ಹೂಡಿ ನೋಡಿ. ಕಥೆಯನ್ನು ಓದಿದರೆ ಹೆಚ್ಚು ನೆನಪಿರುತ್ತದೆಯೇ, ಬಾನುಲಿಯಲ್ಲಿ ಕೇಳಿದರೆ ಹೆಚ್ಚೇ? ರೇಡಿಯೋ ಇರುವ ಮನೆಯ ಮಕ್ಕಳನ್ನೂ ಇಲ್ಲದ ಮನೆಯ ಮಕ್ಕಳನ್ನೂ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ರೇಡಿಯೋ ಇರುವ ಮನೆಯಲ್ಲಿ ಪುಸ್ತಕಗಳೂ, ಓದಿದ ತಂದೆತಾಯಿಗಳೂ ಇರುವ ಸಂಭವ ಹೆಚ್ಚು. ಗೆದ್ದದ್ದು ರೇಡಿಯೋ ಅಲ್ಲ, ಮನೆತನದ ಅನುಕೂಲವೂ ಆಗಿರಬಹುದು.

ಅದಕ್ಕಾಗಿ ಒಂದೇ ತರಗತಿಯ ನಲವತ್ತು ಮಕ್ಕಳ ಹೆಸರಿನ ಚೀಟಿಗಳನ್ನು ಡಬ್ಬಿಗೆ ಹಾಕಿ ಕುಲುಕಿ, ಇಪ್ಪತ್ತನ್ನು ಎತ್ತಿರಿ. ಆ ಇಪ್ಪತ್ತು ಮಂದಿ ಕೇಳಲಿ, ಉಳಿದವರು ಓದಲಿ. ಚೀಟಿಗೆ ಬಡವ ಬಲ್ಲಿದನೆಂಬ ಭೇದವಿಲ್ಲ. ನಮಗೆ ತಿಳಿಯದ ವ್ಯತ್ಯಾಸಗಳನ್ನೂ ಅದು ಎರಡು ಕಡೆಗೂ ಹಂಚುತ್ತದೆ. ಇಂಗ್ಲೆಂಡಿನ ಆರ್. ಎ. ಫಿಶರ್ 1935ರ ತನ್ನ ಗ್ರಂಥದಲ್ಲಿ ಈ ತತ್ತ್ವವನ್ನು ಎಂಟು ಬಟ್ಟಲು ಚಹದ ದೃಷ್ಟಾಂತದಿಂದ ವಿವರಿಸಿದ್ದಾನೆ. ಕಥೆ, ಹೊತ್ತು, ಕೊನೆಗೆ ಕೇಳುವ ಪ್ರಶ್ನೆ ಇವೆಲ್ಲ ಎರಡು ಗುಂಪಿಗೂ ಒಂದೇ ಆಗಿರಲಿ. ಒಂದನ್ನು ಮಳೆಯಲ್ಲಿ, ಇನ್ನೊಂದನ್ನು ಬಿಸಿಲಿನಲ್ಲಿ ನಡೆಸಬಾರದು.

ಇನ್ನೊಂದು ಎಚ್ಚರ. ಬರ್ಲಿನ್ನಿನಲ್ಲಿ ಹಾನ್ಸ್ ಎಂಬ ಕುದುರೆ ಗೊರಸು ಬಡಿದು ಲೆಕ್ಕ ಬಿಡಿಸುತ್ತದೆಂದು ಜನ ಬೆರಗಾಗಿದ್ದರು. 1907ರಲ್ಲಿ ಫುಂಗ್‌ಸ್ಟ್ ಎಂಬಾತನು ಉತ್ತರ ಗೊತ್ತಿಲ್ಲದವರಿಂದ ಪ್ರಶ್ನೆ ಕೇಳಿಸಿದಾಗ ಕುದುರೆ ಸೋತಿತು. ಅದು ನೋಡುತ್ತಿದ್ದುದು ಲೆಕ್ಕವನ್ನಲ್ಲ, ಕೇಳುವವನ ತಲೆಯ ಸೂಕ್ಷ್ಮ ಅಲುಗಾಟವನ್ನು. ಆದ್ದರಿಂದ ನಿಮ್ಮ ಮಕ್ಕಳ ಉತ್ತರಕ್ಕೆ ಅಂಕ ಕೊಡುವವರಿಗೆ, ಯಾರು ಕೇಳಿದವರು, ಯಾರು ಓದಿದವರು ಎಂಬುದು ತಿಳಿಯದಿರಲಿ.

ಮನಸ್ಸಿನ ವಿಷಯವಾಗಿ ಯಾರಾದರೂ ಖಂಡಿತವಾದ ಮಾತನ್ನು ಹೇಳಿದರೆ ನೀವು ಮೂರು ಪ್ರಶ್ನೆ ಕೇಳಬಹುದು. ಯಾರೊಡನೆ ಹೋಲಿಸಿದಿರಿ? ಅವರನ್ನು ಹೇಗೆ ಆರಿಸಿದಿರಿ? ಅಳೆದವರಿಗೆ ಫಲ ಮೊದಲೇ ಗೊತ್ತಿತ್ತೇ? ಇದಕ್ಕೆ ಯಂತ್ರ ಬೇಡ, ಪದವಿಯೂ ಬೇಡ. ಮಗುವೊಂದನ್ನು ದಡ್ಡನೆಂದು ತೀರ್ಮಾನಿಸುವ ಮುನ್ನ ಇಷ್ಟು ವಿಚಾರಿಸುವುದು ಹಿರಿಯರ ಧರ್ಮ.