ಪುಟ್ಟ ಎಂಜಿನ್ನಿಗೆ ಯಾವ ನಂಬರು?

ಆಳಂದ, ಅಫಜಲಪುರ, ಜೇವರ್ಗಿ ಪಟ್ಟಣಗಳಿಗೆ ಇನ್ನೂ ರೈಲು ಬಂದಿಲ್ಲ. ಇಲ್ಲಿಯವರಿಗೆ ರೈಲೆಂದರೆ ಕಲಬುರಗಿ ನಿಲ್ದಾಣ; ದೇವಲ ಗಾಣಗಾಪುರದ ದತ್ತಭಕ್ತರಿಗೆ ಗಾಣಗಾಪುರ ರೋಡ್. ಈ ಮಾರ್ಗದ ಎಂಜಿನ್ನಿನ ಪುಟ್ಟ ಮಾದರಿ ಮಾಡಹೊರಟವರಿಗೆ ಎದುರಾಗುವ ತೊಡಕು ಗಾಲಿಯದಲ್ಲ, ಅಕ್ಷರದ್ದು. ಅದರ ಮೈಮೇಲೆ ಯಾವ ರೈಲ್ವೆಯ ಹೆಸರು, ಯಾವ ನಂಬರು ಬರೆಯಬೇಕು?

ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ರೈಲ್ವೆಯನ್ನು ಕೂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. 1951ರ ನವೆಂಬರ್ 5ರಂದು ಈ ಎರಡೂ ರೈಲ್ವೆಗಳು ಮಧ್ಯ ರೈಲ್ವೆಯಲ್ಲಿ ವಿಲೀನವಾದವು. 1966ರ ಅಕ್ಟೋಬರ್ 2ರಂದು ದಕ್ಷಿಣ ಮಧ್ಯ ರೈಲ್ವೆ ಹುಟ್ಟಿದಾಗ, ಕಲಬುರಗಿಯನ್ನೊಳಗೊಂಡ ಸೊಲ್ಲಾಪುರ ವಿಭಾಗ ಅದಕ್ಕೆ ಸೇರಿತು. 1977ರಲ್ಲಿ ಮರಳಿ ಮಧ್ಯ ರೈಲ್ವೆಗೆ ಬಂತು. ಹಳಿ ಇದ್ದಲ್ಲೇ ಇತ್ತು, ಒಡೆಯರು ಬದಲಾದರು.

ಎಂಜಿನ್ನಿನ ಮೇಲೆ ಅದರ ವಲಯದ ಹೆಸರಿನ ಅಕ್ಷರ ಬರೆಯುವುದು ರೂಢಿ. ಆದ್ದರಿಂದ ಈ ವಿಭಾಗದ ಎಂಜಿನ್ ಎಂದ ಮೇಲೆ 1970ರದ್ದಾದರೆ ದಕ್ಷಿಣ ಮಧ್ಯ, 1980ರದ್ದಾದರೆ ಮಧ್ಯ. ನಂಬರಿನ ಜೊತೆಯ ಅಕ್ಷರಗಳಿಗೂ ಅರ್ಥವಿದೆ. 'ಡಬ್ಲ್ಯೂಪಿ 7200' ಎಂದರೆ ಬ್ರಾಡ್‌ಗೇಜ್ ಹಳಿಯ, ಪ್ರಯಾಣಿಕ ಗಾಡಿ ಎಳೆಯುವ ಎಂಜಿನ್. ಅದು 1947ರಲ್ಲಿ ಅಮೆರಿಕದ ಬಾಲ್ಡ್‌ವಿನ್ ಕಾರ್ಖಾನೆಯಿಂದ ಬಂದದ್ದು.

87ರಲ್ಲಿ ಒಂದು ಪಾಲಿನ ಮಾದರಿಯಲ್ಲಿ 15 ಸೆಂಟಿಮೀಟರ್ ಎತ್ತರದ ಅಂಕಿ 2 ಮಿಲಿಮೀಟರಿಗಿಂತ ಚಿಕ್ಕದಾಗುತ್ತದೆ. ಕುಂಚದಿಂದ ಅದನ್ನು ಬರೆಯುವುದು ಕಷ್ಟ. ಅದಕ್ಕೇ ಡೆಕಾಲ್ ಬೇಕು. ಅಂಟು ಸವರಿದ ಕಾಗದದ ಮೇಲೆ ತೆಳು ಪೊರೆ, ಅದರ ಮೇಲೆ ಮುದ್ರಿತ ಅಂಕಿ. ನೀರಿನಲ್ಲಿ ನೆನೆಸಿದರೆ ಅಂಟು ಕರಗಿ ಪೊರೆ ಜಾರುತ್ತದೆ. ಹಳೆಯ ನಂಬರನ್ನು ಹುಷಾರಾಗಿ ಉಜ್ಜಿ ತೆಗೆದು, ನುಣುಪಾದ ಬಣ್ಣದ ಮೇಲೆ ಹೊಸದನ್ನು ಕೂರಿಸಬೇಕು. ಮೇಲ್ಮೈ ಒರಟಾಗಿದ್ದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಿಯಂಥ ಮಚ್ಚೆ ಏಳುತ್ತದೆ. ಕೊನೆಗೆ ವಾರ್ನಿಶ್ ಬಳಿದರೆ ಅಂಕಿ ಭದ್ರ.

ಇದು ಬರಿಯ ಹವ್ಯಾಸವೇ? ಆ ಹಬೆಯ ಎಂಜಿನ್ನುಗಳಲ್ಲಿ ಬಹುಪಾಲು ಗುಜರಿ ಸೇರಿವೆ. ಅಜ್ಜಂದಿರು ಕಲಬುರಗಿಯಲ್ಲಿ ಹತ್ತಿದ ಗಾಡಿಯ ರೂಪ ಇನ್ನು ಉಳಿಯುವುದು ಫೋಟೋದಲ್ಲಿ, ಇಂಥ ಮಾದರಿಯಲ್ಲಿ. ತಪ್ಪು ಅಕ್ಷರ ಅಂಟಿಸಿದರೆ ನೋಡುವ ಮಗು ತಪ್ಪು ಚರಿತ್ರೆಯನ್ನೇ ಕಲಿಯುತ್ತದೆ. ಸರಿಯಾಗಿ ಅಂಟಿಸಿದರೆ ಆ ಅಂಕಿಯೇ ಒಂದು ದಾಖಲೆ.