ಸೂಜಿ, ಯಂತ್ರ ಮತ್ತು ಕಂತಿನ ಲೆಕ್ಕ

ಒಂದು ಮನೆಯ ಸ್ಥಿತಿಗತಿಯನ್ನು ಅಳೆಯಲು ಬ್ಯಾಂಕಿನಲ್ಲಿ ದುಡಿಯುವ ನಮಗೆ ಕೆಲವು ಸಿದ್ಧ ಕಾಲಂಗಳಿವೆ. ಜಮೀನು, ಜಾನುವಾರು, ಚಿನ್ನ, ಯಂತ್ರೋಪಕರಣ. ಹೊಲಿಗೆ ಯಂತ್ರಕ್ಕೆ ಸಾಲ ಕೊಟ್ಟರೆ ಅದರ ತಯಾರಕರ ಹೆಸರು, ನಂಬರು, ಬೆಲೆ ಎಲ್ಲವೂ ಕಾಗದದಲ್ಲಿ ಸೇರುತ್ತದೆ. ಅದೇ ಮನೆಯಲ್ಲಿ ಹಳೆ ಸೀರೆ, ಪಂಚೆ, ತುಂಡು ಬಟ್ಟೆಗಳನ್ನು ಕೂಡಿಸಿ ಹೊಲಿದ ಹೊದಿಕೆ ಮೂರು ಮಳೆಗಾಲ ಮಕ್ಕಳನ್ನು ಬೆಚ್ಚಗಿಟ್ಟಿದ್ದರೂ ಅದಕ್ಕೆ ಕಾಲಂ ಇಲ್ಲ. ಹೊಲಿಗೆಯ ಇತಿಹಾಸವನ್ನು ಓದುತ್ತ ಹೋದಂತೆ ಈ ವ್ಯತ್ಯಾಸ ನಮ್ಮ ಬ್ಯಾಂಕಿಗಷ್ಟೇ ಸೀಮಿತವಲ್ಲವೆಂದು ನನಗೆ ತಿಳಿಯುತ್ತ ಬಂತು.

ಸೂಜಿಗೆ ನಮ್ಮ ನುಡಿಯಲ್ಲಿ ಹಿರಿಯ ಸ್ಥಾನವೇ ಇತ್ತು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವರಿದ್ದರು. ಮಾಡುವ ಕೆಲಸವೇ ಅವರ ಹೆಸರಿನ ಭಾಗವಾಯಿತು. ಬಟ್ಟೆ ಹೊಲಿಯುವವನನ್ನು ಕನ್ನಡ ಚಿಪ್ಪಿಗನೆಂದಿತು. ಬಳಿಕ ಪಾರಸಿಯಿಂದ ಬಂದ ದರ್ಜಿ ಎಂಬ ಮಾತು ಆ ಜಾಗದಲ್ಲಿ ಕುಳಿತಿತು. ನಮ್ಮ ಈ ಗಡಿನಾಡಿನಲ್ಲಿ ಕನ್ನಡದ ಹೊಲಿಗೆ ಮಲಯಾಳದಲ್ಲಿ ತಯ್ಯಲ್ ಆಗುತ್ತದೆ, ತುನ್ನಲ್ ಆಗುತ್ತದೆ. ಆದರೆ ನೂಲು ಎರಡೂ ಕಡೆ ನೂಲೇ. ಸೂಜಿಯೂ ಒಂದಕ್ಷರದ ವ್ಯತ್ಯಾಸದಲ್ಲಿ ಸೂಚಿ.

ಇನ್ನು ಯಂತ್ರದ ಕಥೆ. ಬಾರ್ತೆಲೆಮಿ ತಿಮೊನಿಯೆ ಎಂಬ ಫ್ರಾನ್ಸಿನ ದರ್ಜಿ 1830ರಲ್ಲಿ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದ. ಸೈನ್ಯದ ಸಮವಸ್ತ್ರ ಹೊಲಿಯಲು ಪ್ಯಾರಿಸಿನಲ್ಲಿ ಅವನ ಯಂತ್ರಗಳನ್ನು ಹೂಡಿದಾಗ, ತಮ್ಮ ಅನ್ನಕ್ಕೆ ಕಲ್ಲು ಬಿತ್ತೆಂದು ಊರಿನ ದರ್ಜಿಗಳು ನುಗ್ಗಿ ಅವನ್ನು ಒಡೆದುಹಾಕಿದರು. ತಿಮೊನಿಯೆ 1857ರಲ್ಲಿ ಬಡವನಾಗಿಯೇ ಸತ್ತ. ಅಷ್ಟರಲ್ಲಿ ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ, ತುದಿಯಲ್ಲಿ ಕಣ್ಣಿರುವ ಸೂಜಿಯೂ ಕೆಳಗಿನಿಂದ ಎರಡನೆಯ ನೂಲು ತರುವ ಶಟಲ್ಲೂ ಇರುವ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದ. ಐಸಾಕ್ ಸಿಂಗರನದು 1851ರ ಪೇಟೆಂಟ್. ಇವರೊಳಗೆ ಕೋರ್ಟಿನ ಜಗಳಗಳು ನಡೆದವು. 1856ರಲ್ಲಿ ಪ್ರಮುಖ ತಯಾರಕರು ಪೇಟೆಂಟುಗಳನ್ನು ಒಟ್ಟುಗೂಡಿಸಿ ರಾಜಿಯಾದರು.

ಅದೇ 1856ರಲ್ಲಿ ನಡೆದ ಇನ್ನೊಂದು ಸಂಗತಿ ನನ್ನಂಥವನಿಗೆ ಹೆಚ್ಚು ಮುಖ್ಯ. ಸಿಂಗರನ ಪಾಲುದಾರ ಎಡ್ವರ್ಡ್ ಕ್ಲಾರ್ಕ್ ವೃತ್ತಿಯಿಂದ ವಕೀಲ. ಯಂತ್ರದ ಬೆಲೆ ಸಾಮಾನ್ಯ ಸಂಸಾರಕ್ಕೆ ಎಟುಕದೆಂಬುದನ್ನು ಕಂಡ ಆತ, ಸ್ವಲ್ಪ ಹಣ ಮುಂಗಡ ಕೊಟ್ಟು ಯಂತ್ರ ಒಯ್ಯಿರಿ, ಉಳಿದುದನ್ನು ತಿಂಗಳು ತಿಂಗಳು ಕಟ್ಟಿರಿ ಎಂಬ ಏರ್ಪಾಡು ತಂದ. ಮನೆಬಳಕೆಯ ವಸ್ತುವನ್ನು ಕಂತಿನ ಮೇಲೆ ಮಾರುವ ಪದ್ಧತಿ ಜಗತ್ತಿನಲ್ಲಿ ಬೇರೂರಿದ್ದು ಮುಖ್ಯವಾಗಿ ಹೀಗೆ. ಯಂತ್ರವನ್ನು ಕಂಡುಹಿಡಿದವರು ಹಲವರು. ಅದನ್ನು ಬಡವರ ಮನೆಯ ಹೊಸ್ತಿಲು ದಾಟಿಸಿದ್ದು ಕಂತಿನ ಪುಸ್ತಕ.

ಭಾರತಕ್ಕೂ ಸಿಂಗರ್ ಬಂತು. 1924ರಲ್ಲಿ ಜಿ. ರಾಮಚಂದ್ರನ್ ಎಂಬ ಮಲಯಾಳಿ ತರುಣ, ಮುಂದೆ ಗಾಂಧಿಗ್ರಾಮ ಕಟ್ಟಿದವರು, ಗಾಂಧೀಜಿಯವರನ್ನು ದಿಲ್ಲಿಯಲ್ಲಿ ಭೇಟಿಯಾಗಿ ಯಂತ್ರಗಳ ಬಗ್ಗೆ ಪ್ರಶ್ನೆ ಹಾಕಿದರು. ಯಂತ್ರದ ಹುಚ್ಚನ್ನು ವಿರೋಧಿಸುತ್ತಿದ್ದ ಗಾಂಧೀಜಿ ಹೊಲಿಗೆ ಯಂತ್ರಕ್ಕೆ ಮಾತ್ರ ವಿನಾಯಿತಿ ಕೊಟ್ಟರು. ಹೆಂಡತಿ ಕೈಹೊಲಿಗೆಯಲ್ಲಿ ಬಳಲುವುದನ್ನು ನೋಡಲಾರದೆ ಸಿಂಗರ್ ಅದನ್ನು ಮಾಡಿದನೆಂಬುದು ಅವರ ನಂಬಿಕೆ. ಸಿಂಗರನ ಚರಿತ್ರೆ ಬೇರೆಯೇ ಹೇಳುತ್ತದೆ. ನಾಟಕದ ನಟನಾಗಿದ್ದ, ಹಲವು ಸಂಸಾರ ಹೂಡಿದ್ದ ಆತನ ಕಣ್ಣು ಲಾಭದ ಮೇಲಿತ್ತು. ಆದರೂ ಬಳಲುವ ಹೆಂಗಸಿನ ಬೆರಳನ್ನು ಲೆಕ್ಕಕ್ಕೆ ಹಿಡಿದ ಗಾಂಧೀಜಿಯವರ ದೃಷ್ಟಿ ತಪ್ಪಲ್ಲ. 1935ರಲ್ಲಿ ಕಲ್ಕತ್ತದಲ್ಲಿ ಜಯ್ ಎಂಜಿನಿಯರಿಂಗ್ ವರ್ಕ್ಸ್ ಶುರುವಾಗಿ, ಅಲ್ಲಿ ತಯಾರಾದ ಉಷಾ ಯಂತ್ರ ನಮ್ಮೂರುಗಳಲ್ಲೂ ಮನೆಮಾತಾಯಿತು.

ನಮ್ಮ ಕರಾವಳಿಯಲ್ಲಿ ಬಟ್ಟೆಗೂ ಬ್ಯಾಂಕಿಗೂ ಹಳೆಯ ನಂಟಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1850ರ ದಶಕದಲ್ಲಿ ಅಲ್ಲಿಯೂ ಕಣ್ಣೂರಿನಲ್ಲಿಯೂ ನೇಯ್ಗೆಯ ಕಾರ್ಖಾನೆಗಳನ್ನು ನಡೆಸಿತು. ಗಿರಣಿ ಬಟ್ಟೆಯ ಹೊಡೆತಕ್ಕೆ ಕೈಮಗ್ಗದವರು ಸೋತಾಗ, ಅವರಿಗೆ ಆಸರೆಯಾಗಬೇಕೆಂದು 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ ಕಟ್ಟಿದ ಸಂಸ್ಥೆಯೇ ಸಿಂಡಿಕೇಟ್ ಬ್ಯಾಂಕ್. 1928ರಲ್ಲಿ ಅದು ಪಿಗ್ಮಿ ಠೇವಣಿ ತಂದು, ದಿನಕ್ಕೆ ಎರಡಾಣೆಯನ್ನೂ ಮನೆ ಬಾಗಿಲಿನಿಂದ ಸಂಗ್ರಹಿಸಿತು. ಕ್ಲಾರ್ಕನ ಕಂತು ಕೊಂಡ ಮೇಲೆ ಕಟ್ಟುವುದು. ಪಿಗ್ಮಿ ಕೊಳ್ಳುವ ಮೊದಲೇ ಕೂಡಿಡುವುದು. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.

ಆದರೆ ಪಿಗ್ಮಿಗಿಂತ ಎಷ್ಟೋ ಹಿಂದಿನ ಉಳಿತಾಯ ಪದ್ಧತಿಯೊಂದು ಕನ್ನಡ ನಾಡಿನಲ್ಲಿದೆ. ಅದೇ ಕೌದಿ. ಹಲವು ಸಲ ಒಗೆದು ಮೆತ್ತಗಾದ ಹತ್ತಿ ಸೀರೆಗಳನ್ನು ಪದರವಾಗಿ ಹಾಸಿ, ನಡುವೆ ಚಿಂದಿಗಳನ್ನು ತುಂಬಿ, ಸೂಜಿಯನ್ನು ಮೇಲೆ ಕೆಳಗೆ ಹಾಯಿಸುತ್ತ ಸಾಲು ಸಾಲಾಗಿ ಹೊಲಿಯುತ್ತಾರೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಅಂಚಿನಿಂದ ತೊಡಗಿ ಸುತ್ತು ಸುತ್ತಾಗಿ ಒಳಕ್ಕೆ ಹೊಲಿಯುತ್ತ ನಡುವಿಗೆ ತಲುಪುತ್ತಾರೆ. ನಾಲ್ಕು ಮೂಲೆಗೂ ಬಟ್ಟೆ ಮಡಿಸಿದ ಹೂವಿಡುತ್ತಾರೆ. ಹೂವಿಲ್ಲದ ಕೌದಿ ಅವರಿಗೆ ಬೆತ್ತಲೆ ಇದ್ದಂತೆ. ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟವರ ಸಂತತಿ ಇವರು. ಇಲ್ಲಿ ಪೇಟೆಂಟ್ ಇಲ್ಲ, ಕಂತೂ ಇಲ್ಲ. ಬಂಡವಾಳ ಒಂದು ಸೂಜಿ, ಒಂದಷ್ಟು ನೂಲು.

ಹಳೆ ಬಟ್ಟೆಯಿಂದ ಹಣ ಹುಟ್ಟದೆಂದು ಯಾರೂ ತಿಳಿಯಬಾರದು. ಹಳೆ ಉಣ್ಣೆಯನ್ನು ಹರಿದು ಬಿಡಿಸಿ ಮತ್ತೆ ನೂಲುವ ಉದ್ಯಮ ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲೇ ಬೆಳೆಯಿತು. ಇಂದು ಹರಿಯಾಣದ ಪಾಣಿಪತ್ತಿನಲ್ಲಿ ಪರದೇಶಗಳಿಂದ ಬಂದ ಹಳೆ ಉಡುಪುಗಳು ಮತ್ತೆ ನೂಲಾಗಿ ಕಂಬಳಿಗಳಾಗುತ್ತಿವೆ. ಕಾರ್ಖಾನೆ ಮಾಡಿದರೆ ಅದು ಉದ್ಯಮ. ಜಗಲಿಯಲ್ಲಿ ಕುಳಿತು ಅಜ್ಜಿ ಮಾಡಿದರೆ ಅದು ಬಿಡುವಿನ ಕೆಲಸ!

2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ದರ್ಜಿಯೂ ಇದ್ದಾನೆ. ಉಪಕರಣಕ್ಕೆ 15,000 ರೂಪಾಯಿ, ಮೊದಲ ಹಂತದಲ್ಲಿ ಒಂದು ಲಕ್ಷದವರೆಗೆ ಸಾಲ. ಇದು ಒಳ್ಳೆಯದೇ. ಸಿದ್ಧ ಉಡುಪಿನ ಅಂಗಡಿಗಳ ಮುಂದೆ ಸೊರಗಿದ ಊರ ದರ್ಜಿಗೆ ಇಂಥ ಆಸರೆ ಬೇಕು. ಆದರೆ ಆ ಪಟ್ಟಿಯಲ್ಲಿ ಕೌದಿ ಹೊಲಿಯುವವಳ ಹೆಸರಿಲ್ಲ. ನಮ್ಮ ಕಾಸರಗೋಡು ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ, ಅದೂ ಹೆಮ್ಮೆಯ ಮಾತು. ಆದರೆ ಆ ಮಾನ್ಯತೆ ಸೀರೆಯ ಮೊದಲ ಆಯುಷ್ಯಕ್ಕೆ. ಉಟ್ಟು ಸವೆದ ಮೇಲೆ ತೊಟ್ಟಿಲಾಗಿ, ಹಾಸುವ ಬಟ್ಟೆಯಾಗಿ, ಕೊನೆಗೆ ಒರಸುವ ಚಿಂದಿಯಾಗಿ ಅದು ಬದುಕುವ ಎರಡನೆಯ ಆಯುಷ್ಯವನ್ನು ಬರೆದಿಟ್ಟವರು ಕಡಿಮೆ.

ಬರೆದಿಡುವುದಕ್ಕೆ ದೊಡ್ಡ ಪಾಂಡಿತ್ಯವೇನೂ ಬೇಕಾಗಿಲ್ಲ. ಯಾವ ಸೀರೆ ಯಾರದು, ಯಾವ ವರ್ಷದ್ದು, ಹೊಲಿದವರು ಯಾರು ಎಂದು ಮನೆಯ ಹಿರಿಯ ಹೆಂಗಸರನ್ನು ಕೇಳಿ, ಕನ್ನಡದಲ್ಲೋ ಮಲಯಾಳದಲ್ಲೋ ಒಂದು ಪುಟ ಬರೆದರಾಯಿತು. ನಮ್ಮ ಲೆಡ್ಜರಿನಲ್ಲಿ ಅದಕ್ಕೆ ಜಾಗವಿಲ್ಲದಿದ್ದರೂ ಇಂಥ ವಾರ್ಷಿಕದಲ್ಲಿ ಜಾಗವಿದ್ದೀತು.