ಎಡೆದೊರೆಯ ದಾರಿಯಲ್ಲಿ ಹೇರು ಮತ್ತು ಹಗ್ಗ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ನೆಲವನ್ನು ಹಳೆಯ ಕನ್ನಡ ಶಾಸನಗಳು ಎಡೆದೊರೆ ಎಂದು ಕರೆದವು. ಫಾರಸಿ ಬಲ್ಲವರು ದೋಆಬ್ ಎಂದರು. ಈ ನೆಲಕ್ಕಾಗಿ ಬಹಮನಿಗಳೂ ವಿಜಯನಗರದವರೂ, ಬಳಿಕ ಆದಿಲಶಾಹಿಗಳೂ ಎಷ್ಟು ಸಲ ಕಾದಾಡಿದರೆಂಬುದನ್ನು ನಾವೆಲ್ಲ ಶಾಲೆಯಲ್ಲೇ ಓದಿದ್ದೇವೆ. ಆದರೆ ಆ ಸೈನ್ಯಗಳು ರಾತ್ರಿ ಎಲ್ಲಿ ಮಲಗಿದವು, ಮಲಗಿದ ಡೇರೆಯನ್ನು ಬೆಳಗಾದಾಗ ಬಿಚ್ಚಿ ಮಡಚಿ ಯಾರು ಯಾವುದರ ಮೇಲೆ ಹೇರಿದರು, ಅದು ದಾರಿಯಲ್ಲಿ ಜಾರಿ ಬೀಳದಂತೆ ಹೇಗೆ ಕಟ್ಟಿದರು ಎಂದು ಕೇಳಿದವರು ಕಡಿಮೆ.

1520ರಲ್ಲಿ ಕೃಷ್ಣದೇವರಾಯ ರಾಯಚೂರಿಗೆ ಮುತ್ತಿಗೆ ಹಾಕಿದ ಕಥೆಯನ್ನು ಪೋರ್ಚುಗೀಸ್ ವ್ಯಾಪಾರಿ ಫೆರ್ನಾವೊ ನೂನಿಜ್ ಬರೆದಿಟ್ಟಿದ್ದಾನೆ. ಅರಸನ ಡೇರೆಯ ಸುತ್ತ ಮುಳ್ಳಿನ ಬೇಲಿ ಇತ್ತು, ಒಳಹೋಗಲು ಒಂದೇ ಬಾಗಿಲಿತ್ತು ಎನ್ನುತ್ತಾನೆ. ನೀರು ಹೊರುವವರು, ಅಗಸರು, ಅಂಗಡಿಯವರು ಎಲ್ಲರೂ ದಂಡಿನ ಜೊತೆ ನಡೆದಿದ್ದರು. ಬೀಡು ಎಂದರೆ ಒಂದು ಪಟ್ಟಣವೇ. ದಿನಕ್ಕೊಂದು ಕಡೆ ಎದ್ದು ನಿಲ್ಲಬೇಕಾದ ಪಟ್ಟಣ.

ಆ ಪಟ್ಟಣದ ತೂಕವೆಷ್ಟು? ಇದಕ್ಕೆ ನಿಖರವಾದ ಲೆಕ್ಕ ಕೊಟ್ಟವನು ಅಬುಲ್ ಫಜಲ್. ಅಕ್ಬರನ ಒಂದು ಬೀಡನ್ನು ಸಾಗಿಸಲು 100 ಆನೆ, 500 ಒಂಟೆ, 400 ಬಂಡಿ ಮತ್ತು 100 ಹೊರೆಯಾಳುಗಳು ಬೇಕಾಗುತ್ತಿದ್ದರೆಂದು ಅವನು ‘ಐನೆ ಅಕ್ಬರಿ’ಯಲ್ಲಿ ದಾಖಲಿಸಿದ್ದಾನೆ. ಡೇರೆ ಹಾಕಿ ಕೀಳುವ ಫರಾಶರೇ ಒಂದು ಸಾವಿರ! ಔರಂಗಜೇಬನ ದಂಡಿನೊಂದಿಗೆ ಕಾಶ್ಮೀರಕ್ಕೆ ಹೊರಟ ಫ್ರೆಂಚ್ ವೈದ್ಯ ಬರ್ನಿಯರ್ ಇನ್ನೂ ಹತ್ತಿರದಿಂದ ನೋಡಿದ. ಬಾದಶಹನಿಗೆ ಎರಡು ಜೊತೆ ಡೇರೆಗಳಿದ್ದವು. ಒಂದರಲ್ಲಿ ಅವನು ತಂಗಿದ್ದಾಗ ಇನ್ನೊಂದು ಮುಂದಿನ ತಂಗುದಾಣಕ್ಕೆ ಹೋಗಿ ಸಿದ್ಧವಾಗಿರುತ್ತಿತ್ತು. ಅದಕ್ಕೆ ಪೇಶಖಾನೆ ಎಂದು ಹೆಸರು. ದೊಡ್ಡ ಡೇರೆಗಳೂ ಅವುಗಳ ಭಾರದ ಕಂಬಗಳೂ ಆನೆಯ ಮೇಲೆ, ಸಣ್ಣ ಡೇರೆಗಳು ಒಂಟೆಯ ಮೇಲೆ, ಅಡಿಗೆಯ ಸಾಮಾನು ಹೇಸರಗತ್ತೆಯ ಮೇಲೆ. ಕಂಬಗಳು ತೀರ ಉದ್ದವಾದುದರಿಂದ ಅವುಗಳನ್ನು ಮೂರು ತುಂಡಾಗಿ ಬಿಚ್ಚುವಂತೆ ಮಾಡಿದ್ದರು. ಒಡೆಯುವ ಪಿಂಗಾಣಿ ಪಾತ್ರೆಗಳನ್ನು ಮಾತ್ರ ಯಾವ ಪ್ರಾಣಿಗೂ ನಂಬಿ ಕೊಡಲಿಲ್ಲ, ಅವು ಮನುಷ್ಯನ ತಲೆಯ ಮೇಲೇ ಹೋದವು.

ಇದೇ ಬೀಡು ಕೊನೆಗೆ ನಮ್ಮ ಸೀಮೆಗೂ ಬಂತು. 1705ರಲ್ಲಿ ಸುರಪುರದ ಬೇಡ ನಾಯಕರ ವಾಗಣಗೇರಿ ಕೋಟೆಯನ್ನು ಮುತ್ತಿದ್ದೇ ಔರಂಗಜೇಬನ ಕೊನೆಯ ಮುತ್ತಿಗೆ. ಆ ಬಳಿಕ ಕೃಷ್ಣೆಗೆ ಸಮೀಪದ ದೇವಾಪುರದಲ್ಲಿ ಅವನು ಕಾಯಿಲೆ ಬಿದ್ದ. ನದಿಯಾಚೆಗೆ ದೇವದುರ್ಗದ ಸೀಮೆ. ಸುಮಾರು ಆರು ತಿಂಗಳು ಡೇರೆಗಳು ಅಲ್ಲೇ ನಿಂತವು. ಅಕ್ಟೋಬರಿನಲ್ಲಿ ಬೀಡು ಕಿತ್ತಾಗ ಬಾದಶಹ ಪಲ್ಲಕ್ಕಿಯಲ್ಲಿ ಹೋದ. ಉಳಿದದ್ದೆಲ್ಲ ಹೇರಾಗಿ ಹಿಂದೆ ಹೋಯಿತು.

ಡೇರೆ, ಖನಾತು, ಶಾಮಿಯಾನ, ಸಾಮಾನು, ಹಮಾಲ: ಈ ಪದಗಳೆಲ್ಲ ದಂಡಿನ ದಾರಿಯ ಧೂಳು ಹತ್ತಿಸಿಕೊಂಡೇ ನಮ್ಮ ಆಡುಮಾತಿಗೆ ಇಳಿದಿರಬೇಕು. ಆದರೆ ಹೇರು, ಹಗ್ಗ, ಮಿಣಿ, ಕಂಟಲೆ ಎಂಬ ಪದಗಳು ಅದಕ್ಕಿಂತ ಹಿಂದಿನಿಂದಲೂ ಇಲ್ಲಿನವೇ. ಹೊರಿಸಿದವನ ಭಾಷೆ ಬದಲಾಯಿತು, ಕಟ್ಟಿದವನ ಭಾಷೆ ಹಾಗೇ ಉಳಿಯಿತು ಎಂದು ನಮಗೆ ತೋರುತ್ತದೆ.

ಕಂಟಲೆಯ ವಿಷಯ ಸ್ವಲ್ಪ ಹೇಳಬೇಕು. ಎತ್ತಿನ ಬೆನ್ನಿನ ಮೇಲೆ ಅಡ್ಡಲಾಗಿ ಹಾಕುವ ಜೋಡಿ ಚೀಲವಿದು. ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ. ಎರಡೂ ಕಡೆ ಸಮ ತೂಗಿದರೆ ಹಗ್ಗಕ್ಕೆ ಹೆಚ್ಚು ಕೆಲಸವಿಲ್ಲ. ಹೇರು ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ. ಸಮ ತಪ್ಪಿದರೆ ಎಷ್ಟು ಬಿಗಿದರೂ ಪ್ರಯೋಜನವಿಲ್ಲ, ಹರದಾರಿ ದಾಟುವುದರೊಳಗೆ ಎತ್ತಿನ ಬೆನ್ನು ಹುಣ್ಣಾಗುತ್ತದೆ. ಲಂಬಾಣಿಗಳು ಈ ವಿದ್ಯೆಯಲ್ಲಿ ನಿಪುಣರಾಗಿದ್ದರು. ಹತ್ತು ಹನ್ನೆರಡು ಸಾವಿರ ಹೇರೆತ್ತುಗಳ ಸಾಲುಗಳನ್ನು ಕಂಡುದಾಗಿ ಹದಿನೇಳನೆಯ ಶತಮಾನದಲ್ಲಿ ಗೋಲ್ಕೊಂಡಕ್ಕೆ ಬಂದ ಫ್ರೆಂಚ್ ರತ್ನವ್ಯಾಪಾರಿ ತಾವೆರ್ನಿಯೆ ಬರೆಯುತ್ತಾನೆ. ಒಂದೊಂದು ಎತ್ತಿನ ಮೇಲೆ ಒಂದೂವರೆ ಕ್ವಿಂಟಲಿನಷ್ಟು ಧಾನ್ಯ ಅಥವಾ ಉಪ್ಪು. ದಂಡಿಗೆ ಅನ್ನ ತಂದುಕೊಟ್ಟವರೂ ಇವರೇ. ಅವರ ತಾಂಡಾಗಳು ರಾಯಚೂರು ಜಿಲ್ಲೆಯಲ್ಲಿ ಇಂದಿಗೂ ಇವೆ.

ಬಂಡಿಯ ಸಮಸ್ಯೆ ಬೇರೆ. ಅಲ್ಲಿ ಹೇರು ಚಕ್ರದ ಮೇಲೆ ಎತ್ತರಕ್ಕೆ ಬೆಳೆಯುತ್ತದೆ. ಎತ್ತರ ಹೆಚ್ಚಿದಷ್ಟೂ ಒಂದು ಸಣ್ಣ ಹಳ್ಳ ಸಾಕು, ಬಂಡಿ ಮಗುಚಲು. ಇದಕ್ಕೆ ಆ ಕಾಲದವರು ಕಂಡುಕೊಂಡ ಉಪಾಯವನ್ನೂ ತಾವೆರ್ನಿಯೆಯೇ ವಿವರಿಸಿದ್ದಾನೆ. ಸರಕಿನ ಬಂಡಿಗೆ ಹತ್ತು ಹನ್ನೆರಡು ಎತ್ತು, ಜೊತೆಗೆ ನಾಲ್ವರು ಕಾವಲಿನವರು, ಒಂದೊಂದು ಬದಿಗೆ ಇಬ್ಬರು. ಬಂಡಿಯ ಮೇಲಿಂದ ಎರಡು ಹಗ್ಗಗಳನ್ನು ಅಡ್ಡ ಹಾಯಿಸಿ ಅವುಗಳ ನಾಲ್ಕು ತುದಿಗಳನ್ನು ಈ ನಾಲ್ವರು ಹಿಡಿದು ನಡೆಯುತ್ತಿದ್ದರು. ಬಂಡಿ ಎಡಕ್ಕೆ ವಾಲಿದರೆ ಬಲಗಡೆಯ ಇಬ್ಬರು ಜಗ್ಗಿ ಹಿಡಿಯುವುದು, ಬಲಕ್ಕೆ ವಾಲಿದರೆ ಎಡಗಡೆಯವರು. ಅವರಿಗೆ ಕೂಲಿಯನ್ನು ಸರಕಿನ ಒಡೆಯನೇ ಕೊಡಬೇಕಾಗಿತ್ತು. ಅಂದರೆ ಗಂಟು ಹಾಕಿದ ಹಗ್ಗ ಸಾಲದು, ಜೀವವಿರುವ ಹಗ್ಗ ಬೇಕಿತ್ತು. ರತ್ನಗಳ ಬೆಲೆಯನ್ನು ಕಾಸಿಗೆ ಕಾಸು ಬರೆದಿಡುವ ಈ ಮನುಷ್ಯ ಹಗ್ಗ ಹಿಡಿದವರನ್ನೂ ಗಮನಿಸಿದನೆಂಬುದಕ್ಕೆ ನಾವು ಅವನಿಗೆ ಕೃತಜ್ಞರಾಗಿರಬೇಕು.

1871ರಲ್ಲಿ ಮುಂಬಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುಹಾದಿಯೂ ಮದ್ರಾಸ್ ರೈಲುಹಾದಿಯೂ ರಾಯಚೂರಿನಲ್ಲಿ ಕೂಡಿಕೊಂಡವು. ಗುಂತಕಲ್ ಕಡೆಗೆ ಹೋಗುವ ಆ ಹಳಿಯ ಮೇಲೆಯೇ ಮಟಮಾರಿ ಇದೆ. ಉಪ್ಪೂ ಧಾನ್ಯವೂ ಡಬ್ಬಿಗಳಲ್ಲಿ ತುಂಬಿ ಹೊರಟ ಮೇಲೆ ಹೇರೆತ್ತಿನ ಸಾಲುಗಳಿಗೆ ಕೆಲಸ ಕಡಿಮೆಯಾಯಿತು. 1932ರಲ್ಲಿ ನಿಜಾಮ್ ಸರ್ಕಾರದ ರೈಲ್ವೆ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆ ಆರಂಭಿಸಿತು. ಬಸ್ಸಿನ ಕಾಲದೊಂದಿಗೆ ನಮ್ಮ ಕಡೆಯ ಹೇರು ಮೊದಲ ಬಾರಿಗೆ ಮನುಷ್ಯರ ತಲೆಯ ಮೇಲಿನ ಸೂರಿಗೆ ಏರಿತು. ಹಿಂಬದಿಗೆ ಏಣಿ, ಮೇಲೆ ಕಬ್ಬಿಣದ ಕಟಕಟೆ, ಹತ್ತಿ ಕಟ್ಟಲು ಹಮಾಲ.

ಈಗ ಆ ದಾರಿಯಲ್ಲಿ ಡೇರೆ ಹೊತ್ತು ಹೋಗುವವರು ಗುಳೆಯವರು. ದೇವದುರ್ಗ ತಾಲೂಕನ್ನು 2002ರ ನಂಜುಂಡಪ್ಪ ವರದಿ ಅತ್ಯಂತ ಹಿಂದುಳಿದವುಗಳ ಸಾಲಿಗೆ ಸೇರಿಸಿತು. ಅಲ್ಲಿಂದ, ಮಾನ್ವಿ ಕಡೆಯಿಂದ, ಬೆಂಗಳೂರು, ಹೈದರಾಬಾದು, ಪುಣೆಗಳ ಕಟ್ಟಡ ಕೆಲಸಕ್ಕೆ ಕುಟುಂಬ ಸಮೇತ ಹೊರಡುತ್ತಾರೆ. ಹೋದಲ್ಲಿ ನಿಲ್ಲಿಸುವ ಮನೆಯನ್ನೂ ಜೊತೆಗೇ ಒಯ್ಯಬೇಕು: ತಾಡಪಾಲು, ಗಳ, ಕೌದಿ, ಪಾತ್ರೆ, ಗುದ್ದಲಿ, ಪುಟ್ಟಿ, ಒಂದು ಚೀಲ ಜೋಳ. ಕ್ರೂಸರ್ ಗಾಡಿಯ ಮೇಲೆ ಅದನ್ನು ಕಟ್ಟುವಾಗ ಯಾರೂ ಪುಸ್ತಕ ನೋಡುವುದಿಲ್ಲ. ಜೋಳದ ಚೀಲ ತಳಕ್ಕೆ, ನಡುವಿಗೆ. ಹಗುರಾದ ಹಾಸಿಗೆ ಮೇಲಕ್ಕೆ. ಗಳಗಳು ಉದ್ದಕ್ಕೆ. ತಾಡಪಾಲಿನ ಬಾಯಿ ಹಿಂದಕ್ಕಿರಬೇಕು, ಮುಂದಕ್ಕಿದ್ದರೆ ಗಾಳಿ ಹೊಕ್ಕು ಹಾಯಿಯಂತೆ ಎತ್ತಿಬಿಡುತ್ತದೆ. ಹಗ್ಗ ನಾಲ್ಕೂ ಮೂಲೆಗೆ ಇಳಿಯಬೇಕು, ಎದುರುಬದುರಾಗಿ ದಾಟಬೇಕು. ಪುಂಡಿನಾರಿನ ಹಗ್ಗ ನೆನೆದರೆ ಬಿಗಿಯುತ್ತದೆ, ಒಣಗಿದರೆ ಸಡಿಲುತ್ತದೆ. ನೈಲಾನ್ ಹಗ್ಗ ಹಿಗ್ಗುತ್ತದೆ, ಗಂಟು ಜಾರುತ್ತದೆ. ಆದ್ದರಿಂದ ಹೊರಟ ಸ್ವಲ್ಪ ಹೊತ್ತಿಗೇ ಒಮ್ಮೆ ನಿಲ್ಲಿಸಿ ಮತ್ತೆ ಜಗ್ಗಲೇಬೇಕು.

ಒಳಗೆ ಹೆಂಗಸರು ಮಕ್ಕಳಿಗೇ ಜಾಗ ಸಾಲದೆ ಒಬ್ಬಿಬ್ಬರು ಗಂಡಸರು ಮೇಲೆ, ಆ ಗಂಟುಗಳ ನಡುವೆ, ಹಗ್ಗ ಹಿಡಿದು ಕುಳಿತುಕೊಳ್ಳುವುದುಂಟು. 1988ರ ಮೋಟಾರು ವಾಹನ ಕಾಯ್ದೆಯ 123ನೇ ಕಲಮು ವಾಹನದ ಮೇಲೆ ಕುಳಿತು ಪ್ರಯಾಣಿಸುವುದನ್ನು ನಿಷೇಧಿಸಿದೆ; ಕೂರಿಸಿಕೊಂಡವನೂ ಕುಳಿತವನೂ ಇಬ್ಬರೂ ತಪ್ಪಿತಸ್ಥರು. ತಾವೆರ್ನಿಯೆ ಕಂಡ ನಾಲ್ವರು ನೆಲದ ಮೇಲೆ ನಡೆಯುತ್ತಿದ್ದರು, ಬಂಡಿ ಮಗುಚಿದರೆ ಹಗ್ಗ ಬಿಟ್ಟು ಸರಿಯಬಹುದಾಗಿತ್ತು. ಕ್ರೂಸರಿನ ಮೇಲಿರುವವನಿಗೆ ಆ ಅವಕಾಶವಿಲ್ಲ, ಕೂಲಿಯೂ ಇಲ್ಲ. ಬಾಡಿಗೆ ಕೊಟ್ಟವನು ಅವನೇ. ಯುಗಾದಿಗೋ ಮೊಹರಮ್ಮಿಗೋ ಊರಿಗೆ ಮರಳುವಾಗಲೂ ಅವನು ಅಲ್ಲೇ ಕುಳಿತಿರುತ್ತಾನೆ.